ಅಕ್ಕಿ, ಜರಡಿ ಮತ್ತು ಎಕ್ಸ್‌ಎಂಎಲ್

ತುಂಬಾ ದಿನವಾಯಿತು ಈ ಕಡೆ ತಲೆ ಹಾಕಿ. ಕಳೆದ ವಾರ ಅಟ್ಟದ ಮೇಲಿದ್ದ ರಟ್ಟಿನ ಪೆಟ್ಟಿಗೆ ಕೆಳಗಿಳಿಸಿ ಹಳೇ ಡೈರಿಗಳನ್ನೆಲ್ಲ ಗುಡ್ಡೆ ಹಾಕಿಕೊಂಡು ಕೂತಿದ್ದೆ. 2007ರ ಡೈರಿಯಲ್ಲಿ ಏಪ್ರಿಲ್ ತಿಂಗಳ ಒಂದು ಪುಟ. ಅದರಲ್ಲಿ ಬೇರೇನೂ ಇಲ್ಲ, ಕೆಂಪು ಪೆನ್ನಿನಲ್ಲಿ ಒಂದೇ ಒಂದು ಸಂಖ್ಯೆ: -24. ಸುತ್ತ ಎರಡು ಸಲ ಗೆರೆ ಎಳೆದಿದ್ದೇನೆ.

ನೋಡಿದ ಕೂಡಲೇ ಹೊಟ್ಟೆಯಲ್ಲಿ ಅದೇ ಹಳೇ ಸಂಕಟ. ಆ ಸಂಖ್ಯೆಯ ಹಿಂದೆ ನನ್ನದೊಂದು ತಪ್ಪಿನ ಕಥೆ ಇದೆ, ಆ ತಪ್ಪಿನ ಹಿಂದೆ ಒಂದು ಚರಿತ್ರೆಯೂ ಇದೆ. ಎರಡನ್ನೂ ಹೇಳಿಬಿಡೋಣ ಅಂತ ಕೂತಿದ್ದೇನೆ. ತಂತ್ರಜ್ಞಾನ ಅಂದ ಕೂಡಲೇ ಎದ್ದು ಓಡಬೇಡಿ. ಅಕ್ಕಿ ಆರಿಸೋದು ಗೊತ್ತಿದ್ದರೆ ಸಾಕು :-)

ಆಗ ನಾನು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪೆನಿಯಲ್ಲಿ ಎರಡು ವರ್ಷ ಅನುಭವದ ಹುಡುಗ. ಆಸ್ಪತ್ರೆಗಳಿಂದ ಬರುವ ಆರೋಗ್ಯ ವಿಮೆಯ ಕ್ಲೇಮುಗಳನ್ನು ರಾತ್ರಿ ಹೊತ್ತು ತೆಗೆದುಕೊಂಡು, ಸರಿ ಇದೆಯಾ ಅಂತ ನೋಡಿ, ಲೆಕ್ಕ ಹಾಕುವ ಪ್ರೋಗ್ರಾಮಿಗೆ ದಾಟಿಸೋದು ನಮ್ಮ ತಂಡದ ಕೆಲಸ. ಕ್ಲೇಮುಗಳು ಎಕ್ಸ್‌ಎಂಎಲ್ ಕಡತಗಳಾಗಿ ಬರುತ್ತಿದ್ದವು. ಎಕ್ಸ್‌ಎಂಎಲ್ ಅಂದರೆ ಪ್ರತಿ ಮಾಹಿತಿಗೂ ಹಿಂದೆ ಮುಂದೆ ಒಂದು ಹಣೆಪಟ್ಟಿ ಅಂಟಿಸಿ ಬರೆಯೋದು. <ದಾಖಲು>2007-03-28</ದಾಖಲು> ಅನ್ನೋ ಥರ. ಯಾವ ಹಣೆಪಟ್ಟಿ ಎಲ್ಲಿ ಬರಬೇಕು, ಅದರೊಳಗೆ ದಿನಾಂಕ ಇರಬೇಕಾ, ಸಂಖ್ಯೆ ಇರಬೇಕಾ ಅಂತ ಹೇಳುವ ನಿಯಮಪಟ್ಟಿ ಬೇರೆ ಇರುತ್ತದೆ. ಅದಕ್ಕೆ ಸ್ಕೀಮಾ ಅಂತ ಹೆಸರು. ಕಡತವನ್ನು ಸ್ಕೀಮಾಗೆ ಹೋಲಿಸಿ ನೋಡಿ, ಹೊಂದಿದರೆ ‘ವ್ಯಾಲಿಡ್’ ಅನ್ನುತ್ತೇವೆ. ಪ್ರತಿದಿನ ಬೆಳಿಗ್ಗೆ ‘ನಿನ್ನೆಯ ಕಡತಗಳೆಲ್ಲ ವ್ಯಾಲಿಡ್’ ಅಂತ ಒಂದು ಮೇಲ್ ಕಳಿಸೋದು ನನ್ನ ಪಾಲಿನ ಕೆಲಸವಾಗಿತ್ತು.

ಒಂದು ದಿನ ಆ ಮೇಲ್‌ಗೆ ಉತ್ತರವಾಗಿ ಒಂದು ಸ್ಕ್ಯಾನ್ ಮಾಡಿದ ಪತ್ರ ಬಂತು. ನಿವೃತ್ತ ಮೇಷ್ಟ್ರೊಬ್ಬರು ಇನ್‌ಲ್ಯಾಂಡ್ ಲೆಟರಿನಲ್ಲಿ ದುಂಡಗಿನ ಕನ್ನಡ ಅಕ್ಷರದಲ್ಲಿ ಬರೆದದ್ದು. ಹೆಂಡತಿಯನ್ನು ಮಾರ್ಚ್ 28ಕ್ಕೆ ಆಸ್ಪತ್ರೆಗೆ ಸೇರಿಸಿ ಏಪ್ರಿಲ್ 3ಕ್ಕೆ ಮನೆಗೆ ಕರೆತಂದಿದ್ದರು. ಬಿಲ್ ಕಟ್ಟಲು ಸಹಕಾರ ಸಂಘದಲ್ಲಿ ಸಾಲ ಮಾಡಿದ್ದರು. ಕ್ಲೇಮ್ ತಿರಸ್ಕೃತವಾಗಿದೆ ಅಂತ ಪತ್ರ ಹೋಗಿತ್ತು. ಅದರಲ್ಲಿ ಕಾರಣ ಅಂತ ಇದ್ದದ್ದು ಒಂದು ಕೋಡ್ ನಂಬರ್ ಮಾತ್ರ. ‘ಈ ನಂಬರಿನ ಅರ್ಥವನ್ನು ದಯವಿಟ್ಟು ತಿಳಿಸಿ’ ಅಂತ ಮೇಷ್ಟ್ರು ಕೇಳಿದ್ದರು. ಅಷ್ಟೇ. ಬೈದಿರಲಿಲ್ಲ. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ.

ಹುಡುಕಿದಾಗ ಗೊತ್ತಾಯಿತು. ಆಸ್ಪತ್ರೆ ಕಡೆ ಬರೆದದ್ದು 28/03 ಮತ್ತು 03/04. ಎಕ್ಸ್‌ಎಂಎಲ್‌ಗೆ ಬದಲಾಯಿಸುವ ಪ್ರೋಗ್ರಾಮು ಅಮೆರಿಕದ ಪದ್ಧತಿಯಂತೆ ತಿಂಗಳನ್ನು ಮೊದಲು ಓದಲು ನೋಡುತ್ತಿತ್ತು. 28ನೇ ತಿಂಗಳು ಇಲ್ಲವಲ್ಲ, ಹಾಗಾಗಿ ಮೊದಲನೆಯದನ್ನು ಸರಿಯಾಗಿಯೇ ಓದಿತು. ಎರಡನೆಯದನ್ನು ಮಾರ್ಚ್ 4 ಅಂದುಕೊಂಡಿತು. ಮಾರ್ಚ್ 28ಕ್ಕೆ ಸೇರಿ ಮಾರ್ಚ್ 4ಕ್ಕೆ ಮನೆಗೆ ಹೋದರೆ ಆಸ್ಪತ್ರೆಯಲ್ಲಿದ್ದ ದಿನಗಳು -24. ಎರಡೂ ಒಳ್ಳೆಯ ದಿನಾಂಕಗಳೇ. ಎರಡೂ ಇರಬೇಕಾದ ಜಾಗದಲ್ಲೇ ಇದ್ದವು. ಸ್ಕೀಮಾ ಪ್ರಕಾರ ಕಡತ ವ್ಯಾಲಿಡ್. ಅಂತಹವು ಇನ್ನೂ ಹಲವು ಇದ್ದವು, ಎಲ್ಲಕ್ಕೂ ‘ವ್ಯಾಲಿಡ್’ ಅಂತ ಬರೆದವನು ನಾನೇ.

* * *

ಆ ಶನಿವಾರ ಊರಿಗೆ ಹೋದೆ. ಅಮ್ಮ ನಡುಮನೆಯಲ್ಲಿ ಅಕ್ಕಿ ಹಸನು ಮಾಡುತ್ತಾ ಕೂತಿದ್ದಳು. ಮೊದಲು ಜರಡಿ ಹಿಡಿದಳು, ನುಚ್ಚು ದೂಳು ಕೆಳಗೆ ಹೋಯಿತು. ಆಮೇಲೆ ಮೊರದಲ್ಲಿ ಕೇರಿದಳು, ಹೊಟ್ಟು ಹಾರಿತು. ಆಮೇಲೆ ಹರಡಿಕೊಂಡು ಕಣ್ಣಲ್ಲಿ ಆರಿಸಿದಳು. ಅನ್ನಕ್ಕಿಡುವ ಹೊತ್ತಿಗೆ ಮತ್ತೆ ನೀರಿನಲ್ಲಿ ಜಾಲಿಸಿದಳು.

“ಇಷ್ಟೆಲ್ಲಾ ಯಾಕಮ್ಮಾ? ಸಣ್ಣ ಕಣ್ಣಿನ ಒಂದು ಒಳ್ಳೇ ಜರಡಿ ತಂದರೆ ಆಗಲ್ವಾ?” ಅಂದೆ.

“ಜರಡಿಗೆ ಗೊತ್ತಾಗೋದು ದಪ್ಪ ಸಣ್ಣ ಅಷ್ಟೇ ಕಣೋ. ಅಕ್ಕಿ ಗಾತ್ರದ ಕಲ್ಲು ಜರಡಿಗೆ ಅಕ್ಕಿನೇ” ಅಂದಳು.

ನನ್ನ -24 ಅಕ್ಕಿ ಗಾತ್ರದ ಕಲ್ಲು. ಸೋಮವಾರ ವಾಪಸು ಬಂದವನು, ನಮ್ಮ ಕಸುಬಿನಲ್ಲಿ ಈ ಮಾತು ಯಾರಿಗಾದರೂ ಮೊದಲೇ ಹೊಳೆದಿತ್ತಾ ಅಂತ ಓದಲು ಶುರು ಮಾಡಿದೆ. ಹೊಳೆದಿತ್ತು. ಆದರೆ ಹೊಳೆಯೋದಕ್ಕೆ ಸುಮಾರು ಮೂವತ್ತು ವರ್ಷ ಹಿಡಿದಿತ್ತು.

* * *

ಹಣೆಪಟ್ಟಿ ಹಚ್ಚುವ ಕಥೆ ಶುರುವಾಗೋದು 1969ರಲ್ಲಿ, ಐಬಿಎಂನಲ್ಲಿ. ಚಾರ್ಲ್ಸ್ ಗೋಲ್ಡ್‌ಫಾರ್ಬ್, ಎಡ್ವರ್ಡ್ ಮೋಷರ್, ರೇಮಂಡ್ ಲೋರಿ ಎಂಬ ಮೂವರು ಕಾನೂನಿನ ದಾಖಲೆಗಳನ್ನು ಗಣಕದಲ್ಲಿ ಇಡುವ ಕೆಲಸ ಮಾಡುತ್ತಾ ಜಿಎಂಎಲ್ ಅನ್ನೋದನ್ನು ಕಟ್ಟಿದರು. ಹೆಸರಿನ ಅಕ್ಷರಗಳು ಆ ಮೂವರ ಹೆಸರಿನ ಮೊದಲಕ್ಷರಗಳೇ. ಅದು ಬೆಳೆದು ಎಸ್‌ಜಿಎಂಎಲ್ ಆಗಿ 1986ರಲ್ಲಿ ಐಎಸ್‌ಒ 8879 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಅದರ ಜೊತೆಗೇ ಬಂದದ್ದು ಡಿಟಿಡಿ, ಅಂದರೆ ದಾಖಲೆಯ ವ್ಯಾಕರಣ. ಅಧ್ಯಾಯದೊಳಗೆ ಶೀರ್ಷಿಕೆ ಬರಬೇಕು, ಆಮೇಲೆ ಒಂದೋ ಹಲವೋ ಪ್ಯಾರಾ ಬರಬಹುದು ಅನ್ನುವ ಥರದ ನಿಯಮಗಳು. ಪುಸ್ತಕ, ಕೈಪಿಡಿ ಅಚ್ಚು ಹಾಕುವವರಿಗೆ ಅಷ್ಟು ಸಾಕಾಗಿತ್ತು.

1998ರ ಫೆಬ್ರವರಿ 10ರಂದು ಡಬ್ಲ್ಯು3ಸಿ ಸಂಸ್ಥೆ ಎಕ್ಸ್‌ಎಂಎಲ್ 1.0 ಹೊರತಂದಿತು. ಸಂಪಾದಕರು ಟಿಮ್ ಬ್ರೇ, ಜಾನ್ ಪೌಲಿ ಮತ್ತು ಮೈಕೆಲ್ ಸ್ಪೆರ್ಬರ್ಗ್-ಮ್ಯಾಕ್ವೀನ್. ತಪಾಸಣೆಯನ್ನು ಇಬ್ಭಾಗ ಮಾಡಿದ್ದು ಅದರ ದೊಡ್ಡ ಕೊಡುಗೆ. ಮೊದಲನೆಯದು ‘ವೆಲ್-ಫಾರ್ಮ್ಡ್’: ತೆರೆದ ಹಣೆಪಟ್ಟಿಯನ್ನೆಲ್ಲ ಸರಿಯಾದ ಕ್ರಮದಲ್ಲಿ ಮುಚ್ಚಿದ್ದೀಯಾ ಅಂತ ನೋಡೋದು. ಇದಕ್ಕೆ ಯಾವ ನಿಯಮಪಟ್ಟಿಯೂ ಬೇಡ. ಇದರಲ್ಲಿ ಫೇಲಾದರೆ ಮುಂದೆ ಓದುವ ಹಾಗೇ ಇಲ್ಲ, ನಿಲ್ಲಿಸಲೇಬೇಕು. ಎರಡನೆಯದು ‘ವ್ಯಾಲಿಡ್’: ಡಿಟಿಡಿಗೆ ಹೊಂದುತ್ತದಾ ಅಂತ ನೋಡೋದು. ಇದು ಬೇಕಾದರೆ ಉಂಟು, ಬೇಡದಿದ್ದರೆ ಇಲ್ಲ. ಬ್ಲಾಗಿನ ಟೆಂಪ್ಲೇಟು ತಿದ್ದಲು ಹೋಗಿ ಒಂದು ಓರೆಗೆರೆ ಮರೆತು, ಸೇವ್ ಆಗದೆ ರಾತ್ರಿಯೆಲ್ಲ ಒದ್ದಾಡಿದ ನಿಮಗೆ ಮೊದಲ ಜರಡಿಯ ಪರಿಚಯ ಚೆನ್ನಾಗಿಯೇ ಇರುತ್ತದೆ :-)

ಇಲ್ಲಿ ಕನ್ನಡಕ್ಕೆ ಸಂಬಂಧಪಟ್ಟ ಒಂದು ಸಣ್ಣ ವಿಷಯ. ಎಕ್ಸ್‌ಎಂಎಲ್ ಯೂನಿಕೋಡ್ ಮೇಲೆ ನಿಂತದ್ದರಿಂದ ಹಣೆಪಟ್ಟಿಯ ಹೆಸರನ್ನು ಕನ್ನಡದಲ್ಲೇ ಬರೆಯಬಹುದು ಅಂತ 1998ರಲ್ಲೇ ಇತ್ತು. <ದಾಖಲು> ಅಂತ ನಾನು ಮೇಲೆ ಬರೆದದ್ದು ತಮಾಷೆಗಲ್ಲ. ಆದರೆ <ಪಿನ್‌ಕೋಡ್> ಅಂತ ಬರೆಯುವ ಹಾಗಿರಲಿಲ್ಲ. ‘ನ’ಕಾರಕ್ಕೆ ‘ಕ’ ಒತ್ತಾಗದಂತೆ ನಡುವೆ ಹಾಕುತ್ತೇವಲ್ಲ, ಆ ಕಣ್ಣಿಗೆ ಕಾಣದ ಅಕ್ಷರಕ್ಕೆ ಹೆಸರುಗಳಲ್ಲಿ ಪ್ರವೇಶವಿರಲಿಲ್ಲ. ಹಾಗಾಗಿ <ಪಿನ್ಕೋಡ್> ಸರಿ, <ಪಿನ್‌ಕೋಡ್> ತಪ್ಪು! 2008ರ ನವೆಂಬರಿನಲ್ಲಿ ಬಂದ ಎಕ್ಸ್‌ಎಂಎಲ್ 1.0ರ ಐದನೇ ಆವೃತ್ತಿ ಅದನ್ನು ಒಳಗೆ ಬಿಟ್ಟುಕೊಂಡಿತು. ಒಳ್ಳೆಯ ಅಕ್ಕಿಯನ್ನೇ ಕೆಳಗೆ ಬೀಳಿಸುವ ಜರಡಿಯೂ ಇರುತ್ತದೆ ಅನ್ನೋದಕ್ಕೆ ಈ ಮಾತು.

* * *

ಎಕ್ಸ್‌ಎಂಎಲ್ ಪುಸ್ತಕ ಬಿಟ್ಟು ವ್ಯಾಪಾರಕ್ಕೆ ಇಳಿದಾಗ ಡಿಟಿಡಿ ಸೋತಿತು. ಡಿಟಿಡಿಗೆ ಹಣೆಪಟ್ಟಿಯ ಕ್ರಮ ಗೊತ್ತು, ಅದರೊಳಗೆ ದಿನಾಂಕ ಇರಬೇಕು, ಹಣ ಇರಬೇಕು ಅಂತ ಹೇಳಲು ಬರೋದಿಲ್ಲ. ದಿನಾಂಕದ ಜಾಗದಲ್ಲಿ ‘ನಾಳೆ ಬಾ’ ಅಂತ ಬರೆದರೂ ಅದಕ್ಕೆ ಸರಿಯೇ. ಹಾಗಾಗಿ 2001ರ ಮೇ 2ರಂದು ಡಬ್ಲ್ಯು3ಸಿಯ ಎಕ್ಸ್‌ಎಂಎಲ್ ಸ್ಕೀಮಾ ಬಂತು. ದಿನಾಂಕ, ದಶಮಾಂಶ, ಹೌದು-ಅಲ್ಲ ಅಂತ 19 ಮೂಲ ಪ್ರಕಾರಗಳು, ಅವುಗಳಿಂದ ಹುಟ್ಟಿದ ಇನ್ನಷ್ಟು. ಫೆಬ್ರವರಿ 30 ಅಂತ ಬರೆದರೆ ಹಿಡಿದುಬಿಡುತ್ತದೆ. ತುಂಬಾ ಶಕ್ತಿಶಾಲಿ, ಅಷ್ಟೇ ಗೋಜಲು.

ಗೋಜಲು ಬೇಡ ಅಂದವರೂ ಇದ್ದರು. ಜಪಾನಿನ ಮುರಾತಾ ಮಕೋಟೊ ರಿಲ್ಯಾಕ್ಸ್ ಅಂತ ಒಂದು ಸರಳ ಸ್ಕೀಮಾ ಭಾಷೆ ಮಾಡಿದ್ದರು. ಜೇಮ್ಸ್ ಕ್ಲಾರ್ಕ್ ಟ್ರೆಕ್ಸ್ ಅಂತ ಇನ್ನೊಂದು ಮಾಡಿದ್ದರು. ಇಬ್ಬರೂ ನಾನು ಹೆಚ್ಚು ನೀನು ಹೆಚ್ಚು ಅನ್ನದೆ 2001ರಲ್ಲಿ ಎರಡನ್ನೂ ಬೆಸೆದು ರಿಲ್ಯಾಕ್ಸ್ ಎನ್‌ಜಿ ಮಾಡಿದರು. 2003ರಲ್ಲಿ ಅದು ಐಎಸ್‌ಒ ಮಾನಕವೂ ಆಯಿತು. ನಾವು ಓದುವ ಬ್ಲಾಗ್ ಫೀಡುಗಳ ಆಟಮ್ ಮಾನಕ (ಆರ್‌ಎಫ್‌ಸಿ 4287, ಡಿಸೆಂಬರ್ 2005) ತನ್ನ ರಚನೆಯನ್ನು ವಿವರಿಸಿರುವುದು ಈ ರಿಲ್ಯಾಕ್ಸ್ ಎನ್‌ಜಿಯಲ್ಲೇ.

ಆದರೆ ಡಿಟಿಡಿ, ಎಕ್ಸ್‌ಎಂಎಲ್ ಸ್ಕೀಮಾ, ರಿಲ್ಯಾಕ್ಸ್ ಎನ್‌ಜಿ, ಮೂರೂ ಮೂಲತಃ ವ್ಯಾಕರಣಗಳೇ. ವ್ಯಾಕರಣಕ್ಕೆ ಒಂದು ಮಿತಿ ಇದೆ. ‘ಕಲ್ಲು ಹಾಲು ಕುಡಿಯಿತು’ ಅನ್ನುವ ವಾಕ್ಯದಲ್ಲಿ ಕರ್ತೃ, ಕರ್ಮ, ಕ್ರಿಯಾಪದ ಎಲ್ಲ ಸರಿ ಇದೆ, ಕನ್ನಡ ಪಂಡಿತರು ಒಂದು ಅಂಕವನ್ನೂ ಕಳೆಯುವ ಹಾಗಿಲ್ಲ. ಅರ್ಥ ಮಾತ್ರ ಇಲ್ಲ. ಅದೇ ರೀತಿ ಇಲ್ಲಿರುವ ದಿನಾಂಕ ಅಲ್ಲಿರುವ ದಿನಾಂಕಕ್ಕಿಂತ ಮುಂದಿರಬೇಕು ಅನ್ನೋದನ್ನು ಹೇಳಲು ಆಗಿನ ವ್ಯಾಕರಣಗಳಿಗೆ ಬಾಯಿರಲಿಲ್ಲ.

* * *

ಬಾಯಿ ಕೊಟ್ಟವರು ರಿಕ್ ಜೆಲಿಫ್. 1999ರಲ್ಲಿ ತೈಪೇಯಲ್ಲಿ, ಅಕಾಡೆಮಿಯಾ ಸಿನಿಕಾದ ಗಣಕ ಕೇಂದ್ರದಲ್ಲಿದ್ದಾಗ ಅವರು ಸ್ಕೀಮಾಟ್ರಾನ್ ಮಾಡಿದರು. ವ್ಯಾಕ್ಯೂಮ್ ಕ್ಲೀನರ್ ತಲುಪದ ಮೂಲೆಗೆ ಗರಿಯ ಪೊರಕೆ ಇದ್ದ ಹಾಗೆ ಇದು ಅಂತ ಅವರೇ ಹೋಲಿಸಿದ್ದಾರೆ. ಅಮ್ಮನ ಲೆಕ್ಕದಲ್ಲಿ ಹೇಳಿದರೆ, ಜರಡಿ ಆದ ಮೇಲೆ ಕಣ್ಣಲ್ಲಿ ಆರಿಸೋದು.

ಇದರಲ್ಲಿ ವ್ಯಾಕರಣ ಇಲ್ಲ. ದಾಖಲೆಯ ಇಂಥ ಜಾಗಕ್ಕೆ ಹೋಗು, ಇಂಥ ಮಾತು ನಿಜವಾ ನೋಡು, ನಿಜವಲ್ಲದಿದ್ದರೆ ಈ ವಾಕ್ಯ ಹೇಳು, ಇಷ್ಟೇ. ಆ ಕೊನೆಯ ವಾಕ್ಯ ಮನುಷ್ಯರು ಓದುವ ವಾಕ್ಯ. ನಿಯಮವನ್ನು ಮೊದಲು ಜನರ ಭಾಷೆಯಲ್ಲಿ ಬರೆ, ಆಮೇಲೆ ಯಂತ್ರಕ್ಕೆ ತಿಳಿಯುವ ಹಾಗೆ ಬರೆ ಅನ್ನೋದು ಅದರ ಧೋರಣೆ. ಇದನ್ನು ಓದಿದಾಗ ಮೇಷ್ಟ್ರಿಗೆ ಹೋಗಿದ್ದ ಕೋಡ್ ನಂಬರ್ ನೆನಪಾಗಿ ಕಿವಿ ಬಿಸಿಯಾಯಿತು.

ಒಳಗಿನ ಕೆಲಸ ಇನ್ನೂ ಮಜವಾಗಿದೆ. 1999ರ ನವೆಂಬರ್ 16ರಂದು ಎಕ್ಸ್‌ಎಸ್‌ಎಲ್‌ಟಿ ಅನ್ನುವ ಭಾಷೆ ಬಂದಿತ್ತು, ಒಂದು ಎಕ್ಸ್‌ಎಂಎಲ್ಲನ್ನು ಇನ್ನೊಂದಾಗಿ ಬದಲಾಯಿಸಲು. ಸ್ಕೀಮಾಟ್ರಾನ್ ಅದನ್ನೇ ಬಳಸಿಕೊಂಡಿತು. ಐಎಸ್‌ಒ ಮಾನಕವಾದ (2006) ಮೇಲಿನ ಅದರ ಪ್ರಸಿದ್ಧ ಆವೃತ್ತಿಯಲ್ಲಿ ಕೆಲಸ ಹಂತ ಹಂತವಾಗಿ ನಡೆಯುತ್ತದೆ. ಮೊದಲ ಹಂತದಲ್ಲಿ ಬೇರೆ ಬೇರೆ ಕಡೆ ಬರೆದಿಟ್ಟ ನಿಯಮಗಳನ್ನು ಒಂದೇ ಕಡೆ ತರೋದು. ಎರಡನೆಯದರಲ್ಲಿ ಮಾದರಿಯಾಗಿ ಬರೆದ ನಿಯಮಗಳನ್ನು ಬಿಡಿಸಿ ಪೂರ್ತಿ ಬರೆಯೋದು. ಮೂರನೆಯದರಲ್ಲಿ ಆ ನಿಯಮಪಟ್ಟಿಯಿಂದಲೇ ಒಂದು ಹೊಸ ಎಕ್ಸ್‌ಎಸ್‌ಎಲ್‌ಟಿ ಪ್ರೋಗ್ರಾಮನ್ನು ಹುಟ್ಟಿಸೋದು. ನಾಲ್ಕನೆಯದರಲ್ಲಿ ಆ ಪ್ರೋಗ್ರಾಮಿಗೆ ನಮ್ಮ ದಾಖಲೆ ಕೊಟ್ಟು ವರದಿ ಪಡೆಯೋದು. ವರದಿಯೂ ಎಕ್ಸ್‌ಎಂಎಲ್ಲೇ, ಅದನ್ನು ಬೇಕಾದರೆ ಐದನೇ ಹಂತದಲ್ಲಿ ಓದಲು ಚೆಂದವಾಗಿ ಕಾಣುವ ಪುಟ ಮಾಡಿಕೊಳ್ಳಬಹುದು. ಪ್ರತಿ ಹಂತವೂ ಚಿಕ್ಕದು. ಎಲ್ಲಿ ಕೆಟ್ಟಿತು ಅಂತ ನಡುವೆ ನಿಲ್ಲಿಸಿ ನೋಡಬಹುದು.

ನಾನು ಬರೆದ ಮೊದಲ ನಿಯಮ ಯಾವುದು ಅಂತ ಬೇರೆ ಹೇಳಬೇಕಿಲ್ಲ. ಆಗಿನ ಎಕ್ಸ್‌ಪಾತ್ 1.0ರಲ್ಲಿ ದಿನಾಂಕಗಳನ್ನು ಹೋಲಿಸಲು ಬರುತ್ತಿರಲಿಲ್ಲ. 2007-03-04ರಲ್ಲಿನ ಅಡ್ಡಗೆರೆ ಕಿತ್ತು 20070304 ಅಂತ ಸಂಖ್ಯೆ ಮಾಡಿಕೊಂಡು ಹೋಲಿಸಬೇಕಿತ್ತು. ತಪ್ಪಿದರೆ ಹೇಳಬೇಕಾದ ವಾಕ್ಯ: ‘ಮನೆಗೆ ಕಳಿಸಿದ ದಿನ ದಾಖಲಾದ ದಿನಕ್ಕಿಂತ ಹಿಂದಿದೆ. ದಿನ, ತಿಂಗಳು ಅದಲುಬದಲಾಗಿವೆಯೇ ನೋಡಿ.’ ಆಫೀಸಿನ ಕಡತದಲ್ಲಿ ಇದನ್ನು ಇಂಗ್ಲಿಷಿನಲ್ಲಿ ಬರೆದೆ. ಕನ್ನಡದಲ್ಲಿ ಬರೆದದ್ದು ಡೈರಿಯಲ್ಲಿದೆ.

* * *

ಜರಡಿ, ಮೊರ, ನೀರು ಅಂತ ಹಲವು ಹಂತ ಆದ ಮೇಲೆ ಯಾವುದು ಮೊದಲು ಅನ್ನುವ ಪ್ರಶ್ನೆ ಬರುತ್ತದೆ. ಜಾಲಿಸಿ ಒದ್ದೆ ಮಾಡಿದ ಅಕ್ಕಿಯನ್ನು ಕೇರಲು ಆಗುತ್ತದಾ? ಎಕ್ಸ್‌ಎಂಎಲ್‌ನಲ್ಲೂ ಇದೇ ಪೇಚು. ಒಂದು ದಾಖಲೆಯೊಳಗೆ ಇನ್ನೊಂದು ದಾಖಲೆಯನ್ನು ಸೇರಿಸಿಕೊಳ್ಳುವ ಎಕ್ಸ್‌ಇನ್‌ಕ್ಲೂಡ್ ಅನ್ನುವ ವಿಧಾನ ಇದೆ (2004). ಸೇರಿಸುವ ಮೊದಲು ತಪಾಸಣೆ ಮಾಡಿದರೆ ಒಂದು ಉತ್ತರ, ಸೇರಿಸಿದ ಮೇಲೆ ಮಾಡಿದರೆ ಇನ್ನೊಂದು ಉತ್ತರ ಬರಬಹುದು. ಸಾಲದ್ದಕ್ಕೆ ಡಿಟಿಡಿ ಮತ್ತು ಎಕ್ಸ್‌ಎಂಎಲ್ ಸ್ಕೀಮಾ ತಪಾಸಣೆ ಮಾಡುತ್ತಲೇ ಬಿಟ್ಟುಹೋದ ಕೆಲವು ಬೆಲೆಗಳನ್ನು ತಾವೇ ತುಂಬುತ್ತವೆ. ಅಂದರೆ ಜರಡಿ ಹಿಡಿದ ಮೇಲೆ ಅಕ್ಕಿಯೇ ಸ್ವಲ್ಪ ಬದಲಾಗಿರುತ್ತದೆ! ಹಾಗಾಗಿ ‘ಈ ದಾಖಲೆ ವ್ಯಾಲಿಡ್’ ಅಂದರೆ ಸಾಲದು, ಯಾವುದರ ಪ್ರಕಾರ, ಯಾವ ಹಂತದಲ್ಲಿ ಅಂತಲೂ ಹೇಳಬೇಕು.

ಚಿಕ್ಕ ಕೆಲಸಗಳನ್ನು ಸರಪಳಿ ಮಾಡುವ ಯೋಚನೆ ಹಳೆಯದು. ಡಗ್ ಮ್ಯಾಕಿಲ್‌ರಾಯ್ 1964ರಲ್ಲೇ ಒಂದು ಟಿಪ್ಪಣಿಯಲ್ಲಿ, ತೋಟಕ್ಕೆ ನೀರು ಬಿಡುವ ಪೈಪಿನ ತುಂಡುಗಳನ್ನು ಜೋಡಿಸಿದ ಹಾಗೆ ಪ್ರೋಗ್ರಾಮುಗಳನ್ನು ಜೋಡಿಸುವಂತಿರಬೇಕು ಅಂದಿದ್ದರು. 1973ರಲ್ಲಿ ಕೆನ್ ಥಾಂಪ್ಸನ್ ಅದನ್ನು ಯೂನಿಕ್ಸ್‌ಗೆ ತಂದರು. ಎಕ್ಸ್‌ಎಂಎಲ್ ಲೋಕದಲ್ಲಿ 2002ರಲ್ಲಿ ನಾರ್ಮನ್ ವಾಲ್ಷ್ ಮತ್ತು ಈವ್ ಮೇಲರ್ ಹಂತಗಳ ಸರಪಳಿಯನ್ನೇ ಬರೆದಿಡುವ ಒಂದು ಭಾಷೆಯ ಕರಡು ಮಾಡಿದರು. ಅದೇ ದಾರಿಯಲ್ಲಿ ಮುಂದೆ ಹೋಗಿ 2010ರ ಮೇ 11ರಂದು ಎಕ್ಸ್‌ಪ್ರಾಕ್ ಮಾನಕವಾಯಿತು. ಮೊದಲು ಸೇರಿಸು, ಆಮೇಲೆ ರಿಲ್ಯಾಕ್ಸ್ ಎನ್‌ಜಿ ಅಥವಾ ಎಕ್ಸ್‌ಎಂಎಲ್ ಸ್ಕೀಮಾದಲ್ಲಿ ನೋಡು, ಆಮೇಲೆ ಸ್ಕೀಮಾಟ್ರಾನಿನಲ್ಲಿ ನೋಡು ಅಂತ ಅದರಲ್ಲಿ ಸಾಲಾಗಿ ಬರೆಯಬಹುದು. ಎಕ್ಸ್‌ಪ್ರಾಕಿನ ಸಂಪಾದಕರಲ್ಲೊಬ್ಬರಾದ ಹೆನ್ರಿ ಥಾಂಪ್ಸನ್ ಆ ದೈತ್ಯ ಎಕ್ಸ್‌ಎಂಎಲ್ ಸ್ಕೀಮಾದ ಸಂಪಾದಕರಲ್ಲೂ ಒಬ್ಬರು. ದೊಡ್ಡ ಜರಡಿ ಕಟ್ಟಿದವರೇ ಜರಡಿಗಳ ಸಾಲನ್ನೂ ಕಟ್ಟಿದರು. 2012ರಲ್ಲಿ ಬಂದ ಎಕ್ಸ್‌ಎಂಎಲ್ ಸ್ಕೀಮಾ 1.1 ಕೂಡ ಸ್ಕೀಮಾಟ್ರಾನಿನ ಥರದ ನಿಯಮಗಳನ್ನು ತನ್ನೊಳಗೆ ಸೇರಿಸಿಕೊಂಡಿತು.

ಇದೆಲ್ಲ ಪಂಡಿತರ ಪಾಡು ಅಂದುಕೊಳ್ಳಬೇಡಿ. ಯುರೋಪಿನಲ್ಲಿ ಸರ್ಕಾರಕ್ಕೆ ಕಳಿಸುವ ಇ-ಇನ್‌ವಾಯ್ಸ್‌ಗೆ 2017ರಲ್ಲಿ ಇಎನ್ 16931 ಎಂಬ ಮಾನಕ ಬಂತು. ಮೊದಲು ಸ್ಕೀಮಾದಲ್ಲಿ ರಚನೆ ನೋಡುತ್ತಾರೆ, ಆಮೇಲೆ ಸಾಲುಗಳ ಮೊತ್ತ ಕೂಡಿದರೆ ಒಟ್ಟು ಮೊತ್ತ ಬರುತ್ತದಾ ಅನ್ನುವಂಥದ್ದನ್ನು ಸ್ಕೀಮಾಟ್ರಾನಿನಲ್ಲಿ ನೋಡುತ್ತಾರೆ. ನಮ್ಮಲ್ಲೇ ನೋಡಿ. ಆದಾಯ ತೆರಿಗೆ ರಿಟರ್ನನ್ನು ಎಕ್ಸೆಲ್ ಹಾಳೆಯಲ್ಲಿ ತುಂಬಿ, ಹಾಳೆ ಹಾಳೆಗೂ ‘ವ್ಯಾಲಿಡೇಟ್’ ಗುಂಡಿ ಒತ್ತಿ, ಎಕ್ಸ್‌ಎಂಎಲ್ ಮಾಡಿ ಅಪ್‌ಲೋಡ್ ಮಾಡುತ್ತಿದ್ದದ್ದು ನಿಮಗೆ ನೆನಪಿರಬಹುದು. 2021ರಿಂದ ಎಕ್ಸ್‌ಎಂಎಲ್ ಹೋಗಿ ಜೇಸನ್ ಬಂದಿದೆ, ಆದರೆ ಹಂತಗಳು ಉಳಿದಿವೆ. ಅಪ್‌ಲೋಡ್ ಆದ ಮಾತ್ರಕ್ಕೆ ಮುಗಿಯೋದಿಲ್ಲ. ಬೆಂಗಳೂರಿನ ಸಿಪಿಸಿಯಲ್ಲಿ 143(1)ನೇ ವಿಧಿಯಡಿ ಕೂಡು-ಕಳೆ ತಪ್ಪು, ಒಂದು ಕಡೆ ಬರೆದದ್ದಕ್ಕೂ ಇನ್ನೊಂದು ಕಡೆ ಬರೆದದ್ದಕ್ಕೂ ತಾಳೆ ಇಲ್ಲದಿರುವುದು, ಇವನ್ನೆಲ್ಲ ನೋಡಿದ ಮೇಲೆಯೇ ನಿಮಗೆ ಮಾಹಿತಿ ಬರುವುದು. ಹೆಸರು ಬೇರೆ, ಕೆಲಸ ಅದೇ.

* * *

ನನ್ನ ಕಥೆ ಅರ್ಧಕ್ಕೆ ನಿಂತಿದೆ ಅಲ್ವಾ. ಹೊಸ ನಿಯಮ ಹಾಕಿದ ಮೇಲೆ ಬೀಗುತ್ತಿದ್ದೆ. ಒಂದು ವಾರಕ್ಕೆ ಇನ್ನೊಂದು ಬಂತು. ಏಪ್ರಿಲ್ 2ರಿಂದ 5ರವರೆಗೆ ಇದ್ದವರು ಫೆಬ್ರವರಿ 4ರಿಂದ ಮೇ 4ರವರೆಗೆ 89 ದಿನ ಇದ್ದ ಹಾಗೆ ಆಗಿತ್ತು. ನಿಯಮದ ಪ್ರಕಾರ ಸರಿ! ದಿನಾಂಕ ನಾಳೆಯದಾಗಿರಬಾರದು ಅಂತ ಇನ್ನೊಂದು ನಿಯಮ ಹಾಕಿದೆ. ಮತ್ತೆ ಬಂತು: ಏಪ್ರಿಲ್ 1ರಿಂದ 3ರವರೆಗೆ ಇದ್ದವರಿಗೆ ಜನವರಿ 4ರಿಂದ ಮಾರ್ಚ್ 4. ಹಿಂದೆ ಮುಂದೆ ಆಗಿಲ್ಲ, ನಾಳೆಯದೂ ಅಲ್ಲ, ಎರಡು ದಿನ ಹೋಗಿ 59 ದಿನ ಆಗಿದೆ. ಎರಡೂ ನಿಯಮ ದಾಟಿಬಿಟ್ಟಿತು. ಅದನ್ನು ಹಿಡಿದದ್ದು ವಿಮಾ ಕಂಪೆನಿಯಲ್ಲಿ ಬಿಲ್ ನೋಡುತ್ತಿದ್ದ ಒಬ್ಬ ಹೆಂಗಸು. 59 ದಿನ ಇದ್ದವರಿಗೆ ಎರಡೇ ದಿನದ ರೂಮಿನ ಬಾಡಿಗೆ ಯಾಕೆ ಅಂತ ಕೇಳಿದರು. ಬಾಡಿಗೆಯ ದಿನ ಮತ್ತು ಇದ್ದ ದಿನ ತಾಳೆಯಾಗಬೇಕು ಅನ್ನುವ ಮೂರನೇ ನಿಯಮ ಅವರ ಪ್ರಶ್ನೆಯಿಂದ ಹುಟ್ಟಿತು. ದಿನಾಂಕ ಓದುವ ಪ್ರೋಗ್ರಾಮನ್ನೂ ಕೊನೆಗೆ ಸರಿ ಮಾಡಿಸಿದೆವು. ಅದು ಮೊದಲೇ ಆಗಬೇಕಿತ್ತು ಅಂತ ನೀವು ಹೇಳಿದರೆ ನನ್ನ ಹತ್ತಿರ ಉತ್ತರವಿಲ್ಲ.

ಮೇಷ್ಟ್ರ ಕ್ಲೇಮ್ ಐದು ವಾರ ತಡವಾಗಿ ಪಾಸಾಯಿತು. ಸಂಘದ ಸಾಲಕ್ಕೆ ಆ ಐದು ವಾರ ಅವರು ಕಟ್ಟಿದ ಬಡ್ಡಿಯನ್ನು ಯಾರೂ ತುಂಬಿಕೊಡಲಿಲ್ಲ. ಅವರ ಪ್ರಶ್ನೆಗೆ ನಾನೇ ಕನ್ನಡದಲ್ಲಿ ಒಂದು ಪ್ಯಾರಾ ಬರೆದುಕೊಟ್ಟೆ, ಆ ನಂಬರಿನ ಅರ್ಥ ಏನು, ತಪ್ಪು ಎಲ್ಲಾಯಿತು ಅಂತ. ಅದನ್ನು ಅವರಿಗೆ ಕಳಿಸಿದರೋ ಇಲ್ಲವೋ ಗೊತ್ತಾಗಲಿಲ್ಲ.

ಆಮೇಲೆ ನನ್ನ ಬೆಳಗಿನ ಮೇಲ್ ಬದಲಾಯಿತು. ‘ಎಲ್ಲ ವ್ಯಾಲಿಡ್’ ಅನ್ನೋದನ್ನು ಬಿಟ್ಟು, ಯಾವ ಯಾವ ಹಂತದಲ್ಲಿ ಏನೇನು ನೋಡಿದೆವು, ಏನೇನು ನೋಡಿಲ್ಲ ಅಂತ ಬರೆಯತೊಡಗಿದೆ. ಉದ್ದವಾಯಿತು ಅಂತ ಮ್ಯಾನೇಜರು ಗೊಣಗಿದರು. ಗೊಣಗಲಿ ಬಿಡಿ.

ಅಮ್ಮ ಈಗಲೂ ಅಕ್ಕಿ ಆರಿಸುತ್ತಾಳೆ. ಈಗಿನ ಪ್ಯಾಕೆಟ್ ಅಕ್ಕಿಯಲ್ಲಿ ಕಲ್ಲು ಎಲ್ಲಿರತ್ತಮ್ಮಾ ಅಂದರೆ, “ಇಲ್ಲ ಅಂತ ನೋಡಿದ ಮೇಲೆ ತಾನೇ ಗೊತ್ತಾಗೋದು” ಅನ್ನುತ್ತಾಳೆ.

ನಿಮ್ಮ ಕೆಲಸದಲ್ಲೂ ಇಂಥ ಅಕ್ಕಿ ಗಾತ್ರದ ಕಲ್ಲು ಸಿಕ್ಕಿದ್ದರೆ ಬರೆಯಿರಿ. ಯಾವ ಹಂತದಲ್ಲಿ ಸಿಕ್ಕಿತು, ಯಾರ ಕಣ್ಣಿಗೆ ಬಿತ್ತು ಅಂತಲೂ ಹೇಳಿ.